ಮೂವರು ಅಣ್ಣತಮ್ಮಂದಿರು, ಮೂರು ತಂಡ: ಎನ್‌ಎಫ್‌ಎಲ್‌ಗೆ ಆಟಗಾರರು ಸೇರುವ ಬಗೆ

ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ವೃತ್ತಿಪರ ಲೀಗ್ ಎನ್‌ಎಫ್‌ಎಲ್. ಒಂದೇ ಮನೆಯ ಹುಡುಗರು ಒಬ್ಬರ ಹಿಂದೊಬ್ಬರು ಅಲ್ಲಿಗೆ ಬಂದ ನಿದರ್ಶನಗಳು ಸಾಕಷ್ಟಿವೆ. ವಿಸ್ಕಾನ್ಸಿನ್ ರಾಜ್ಯದ ಪಿವಾಕಿ ಊರಿನ ವಾಟ್ ಮನೆಯಿಂದ ಜೆ.ಜೆ., ಡೆರೆಕ್, ಟಿ.ಜೆ. ಎಂಬ ಮೂವರು ಬಂದರು. ಗ್ರಾಂಕೌಸ್ಕಿ ಮನೆಯಿಂದ ನಾಲ್ವರು, ಎಡ್ಮಂಡ್ಸ್ ಮನೆಯಿಂದ ಮೂವರು. ಆದರೆ ಇವರೆಲ್ಲ ಒಂದೇ ತಂಡದಲ್ಲಿ ಒಟ್ಟಿಗೆ ಆಡಿದ್ದು ಕಡಿಮೆ. ಏಕೆಂದರೆ ಯಾವ ಊರಿನ ತಂಡಕ್ಕೆ ಆಡಬೇಕು ಎನ್ನುವುದು ಹೊಸ ಆಟಗಾರನ ಕೈಯಲ್ಲಿ ಇರುವುದಿಲ್ಲ.

ಮೊದಲ ದಾರಿ: ಡ್ರಾಫ್ಟ್

ಹೈಸ್ಕೂಲು ಮುಗಿಸಿ ಕನಿಷ್ಠ ಮೂರು ವರ್ಷ ಕಳೆದವರಿಗೆ ಮಾತ್ರ ಎನ್‌ಎಫ್‌ಎಲ್ ಪ್ರವೇಶ. ಆ ಅವಧಿಯಲ್ಲಿ ಬಹುತೇಕ ಎಲ್ಲರೂ ಕಾಲೇಜು ತಂಡಗಳಿಗೆ ಆಡುತ್ತಾರೆ. ಬಳಿಕ ವರ್ಷಕ್ಕೊಮ್ಮೆ ಡ್ರಾಫ್ಟ್ ನಡೆಯುತ್ತದೆ. ಐಪಿಎಲ್ ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ದಕ್ಕಿದರೆ, ಇಲ್ಲಿ ಎಲ್ಲವೂ ಸರದಿಯ ಪ್ರಕಾರ. 32 ತಂಡಗಳು ಏಳು ಸುತ್ತುಗಳಲ್ಲಿ ಒಬ್ಬೊಬ್ಬರನ್ನೇ ಆರಿಸುತ್ತವೆ. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ ತಂಡಕ್ಕೆ ಕೊನೆಯದು. ತಂಡಗಳು ತಮ್ಮ ಸರದಿಯನ್ನು ಪರಸ್ಪರ ಬದಲಿಸಿಕೊಳ್ಳಲೂಬಹುದು.

ವಾಟ್ ಸಹೋದರರು ಚದುರಿದ್ದು ಹೀಗೆಯೇ. 2011ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ತಂಡ ಜೆ.ಜೆ.ಯನ್ನು ಮೊದಲ ಸುತ್ತಿನ 11ನೆಯವನಾಗಿ ಆರಿಸಿತು. 2016ರಲ್ಲಿ ಸ್ಯಾನ್ ಡಿಯಾಗೊ ಚಾರ್ಜರ್ಸ್ ಆರನೇ ಸುತ್ತಿನಲ್ಲಿ ಡೆರೆಕ್‌ನನ್ನು ತೆಗೆದುಕೊಂಡಿತು. 2017ರಲ್ಲಿ ಟಿ.ಜೆ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಪಾಲಾದ; ಅವನದು 30ನೇ ಸ್ಥಾನ. ಹಿಂದಿನ ಋತುವಿನಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ದೂರವಿದ್ದ ಸ್ಟೀಲರ್ಸ್‌ಗೆ ಸರದಿ ಅಷ್ಟು ತಡವಾಗಿ ಬಂದಿತ್ತು.

ಒಂದೇ ವರ್ಷ ಡ್ರಾಫ್ಟ್‌ಗೆ ಬಂದರೂ ಅಣ್ಣತಮ್ಮಂದಿರು ಜೊತೆಯಾಗುವ ಖಾತ್ರಿಯಿಲ್ಲ. 2018ರಲ್ಲಿ ಟ್ರಿಮೇನ್ ಎಡ್ಮಂಡ್ಸ್ 16ನೆಯವನಾಗಿ ಬಫಲೊ ಬಿಲ್ಸ್‌ಗೆ ಹೋದ, ಅಣ್ಣ ಟೆರೆಲ್ 28ನೆಯವನಾಗಿ ಸ್ಟೀಲರ್ಸ್‌ಗೆ. ಒಂದೇ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಇಬ್ಬರು ಸಹೋದರರು ಆಯ್ಕೆಯಾದದ್ದು ಅದೇ ಮೊದಲು.

ಎರಡನೆಯದು: ಉಳಿದವರ ದಾರಿ

ಏಳು ಸುತ್ತಿನಲ್ಲೂ ಹೆಸರು ಬಾರದವರು ಯಾವ ತಂಡದೊಡನೆ ಬೇಕಾದರೂ ಮಾತನಾಡಿಕೊಳ್ಳಬಹುದು. ಗ್ರಾಂಕೌಸ್ಕಿಗಳಲ್ಲಿ ಡ್ಯಾನ್ ಮತ್ತು ರಾಬ್ ಡ್ರಾಫ್ಟ್‌ನಲ್ಲಿ ಬಂದರೆ, ಕ್ರಿಸ್ ಮತ್ತು ಗ್ಲೆನ್ ಈ ದಾರಿ ಹಿಡಿದರು. ಆಯ್ಕೆಯ ಸ್ವಾತಂತ್ರ್ಯ ಇದ್ದರೂ ಭದ್ರತೆ ತೀರಾ ಕಡಿಮೆ. ತರಬೇತಿ ಶಿಬಿರಕ್ಕೆ 90 ಮಂದಿಯವರೆಗೆ ಬರುತ್ತಾರೆ. ಋತು ಆರಂಭವಾಗುವ ಹೊತ್ತಿಗೆ ಮುಖ್ಯ ಪಟ್ಟಿಯಲ್ಲಿ ಉಳಿಯುವುದು 53.

ಮೂರನೆಯದು: ಒಪ್ಪಂದ ಮುಗಿದ ಮೇಲೆ

ಡ್ರಾಫ್ಟ್ ಆದವನ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಸಂಬಳವೂ ಹೆಚ್ಚುಕಡಿಮೆ ಅವನು ಆಯ್ಕೆಯಾದ ಸ್ಥಾನದ ಮೇಲೆಯೇ ನಿಗದಿಯಾಗಿರುತ್ತದೆ. ಮೊದಲ ಸುತ್ತಿನವನನ್ನು ಐದನೇ ವರ್ಷಕ್ಕೂ ಉಳಿಸಿಕೊಳ್ಳುವ ಹಕ್ಕು ತಂಡಕ್ಕಿದೆ. ಅದು ಮುಗಿದು, ತಂಡ ಬೇರೆ ನಿರ್ಬಂಧ ಹಾಕದಿದ್ದರೆ, ಆಟಗಾರ ಸ್ವತಂತ್ರ. ಡೆರೆಕ್ ಚಾರ್ಜರ್ಸ್ ಜೊತೆ ನಾಲ್ಕು ವರ್ಷ ಮುಗಿಸಿ, 2020ರಲ್ಲಿ ಸ್ಟೀಲರ್ಸ್‌ಗೆ ಬಂದು ತಮ್ಮನನ್ನು ಸೇರಿಕೊಂಡ. ತಂಡವೇ ಕೈಬಿಟ್ಟಾಗಲೂ ಹೀಗೆ ಕೂಡಿಬರುವುದುಂಟು: ಡೆನ್ವರ್ ತಂಡ ಕೈಬಿಟ್ಟ ಡ್ಯಾನ್ ಗ್ರಾಂಕೌಸ್ಕಿಯನ್ನು 2011ರಲ್ಲಿ ರಾಬ್ ಆಡುತ್ತಿದ್ದ ಪೇಟ್ರಿಯಟ್ಸ್ ತಂಡವೇ ತೆಗೆದುಕೊಂಡಿತು.

ಮೈದಾನದಲ್ಲಿ ಎದುರಾದರೆ?

2020ರ ಸೆಪ್ಟೆಂಬರ್ 27ರಂದು ಸ್ಟೀಲರ್ಸ್ ಮತ್ತು ಟೆಕ್ಸನ್ಸ್ ಪಂದ್ಯದಲ್ಲಿ ಮೂವರು ವಾಟ್‌ಗಳೂ ಆಡಿದರು. ಒಂದು ಕಡೆ ಡೆರೆಕ್, ಟಿ.ಜೆ.; ಎದುರಿಗೆ ಜೆ.ಜೆ. ಸ್ಟೀಲರ್ಸ್ 28-21ರಿಂದ ಗೆದ್ದಿತು. ಆದರೆ ಜೆ.ಜೆ. ಮತ್ತು ಟಿ.ಜೆ. ನೇರವಾಗಿ ಸೆಣಸಿದರು ಎಂದುಕೊಳ್ಳಬೇಡಿ. ಈ ಆಟದಲ್ಲಿ ದಾಳಿಗೇ 11 ಮಂದಿ, ರಕ್ಷಣೆಗೇ ಬೇರೆ 11 ಮಂದಿ. ಚೆಂಡು ಯಾರ ಬಳಿ ಇದೆ ಎಂಬುದನ್ನು ನೋಡಿಕೊಂಡು ಇಡೀ ಪಡೆಯೇ ಬದಲಾಗುತ್ತದೆ. ಇವರಿಬ್ಬರೂ ರಕ್ಷಣೆಯವರು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆಯುವ ಮುನ್ನವೇ ಕೆಡವುವುದು, ಅಂದರೆ ಸ್ಯಾಕ್ ಮಾಡುವುದು, ಇಬ್ಬರ ಕಸುಬು. ಹೀಗಾಗಿ ಒಬ್ಬ ಮೈದಾನಕ್ಕಿಳಿದಾಗ ಇನ್ನೊಬ್ಬ ಸಾಮಾನ್ಯವಾಗಿ ಗೆರೆಯಾಚೆ ನಿಂತಿರುತ್ತಾನೆ. ಜೆ.ಜೆ.ಗೆ ಎದುರು ನಿಲ್ಲಬಹುದಾದವನು ಡೆರೆಕ್. ಅವನು ಫುಲ್‌ಬ್ಯಾಕ್, ಚೆಂಡು ಹಿಡಿದು ಓಡುವವನಿಗೆ ಎದುರಾಳಿಗಳನ್ನು ತಳ್ಳಿ ದಾರಿ ಬಿಡಿಸುವವನು.

ಹೆಸರು ಬಂದದ್ದೂ ಈ ಪಾತ್ರಗಳಿಗೆ ತಕ್ಕಂತೆ. ಜೆ.ಜೆ. 2012, 2014 ಮತ್ತು 2015ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನಾದ. ಟಿ.ಜೆ. 2021ರಲ್ಲಿ 22.5 ಸ್ಯಾಕ್ ಮಾಡಿ, ಮೈಕಲ್ ಸ್ಟ್ರೇಹನ್ 2001ರಲ್ಲಿ ಬರೆದ ದಾಖಲೆಯನ್ನು ಸರಿಗಟ್ಟಿ ಅದೇ ಪ್ರಶಸ್ತಿ ಪಡೆದ. ದಾರಿ ಬಿಡಿಸುವ ಡೆರೆಕ್‌ನ ಕೆಲಸಕ್ಕೆ ಅಂಥ ಅಂಕಿಸಂಖ್ಯೆಯಿಲ್ಲ.

ಇನ್ನು ಮುಂದೆ ಎನ್‌ಎಫ್‌ಎಲ್ ಪಂದ್ಯದಲ್ಲಿ ಅಣ್ಣತಮ್ಮಂದಿರು ಆಡುವುದು ಕಂಡರೆ ಎರಡು ವಿಷಯ ಗಮನಿಸಿ: ಯಾರು ಯಾವ ಪಡೆಯಲ್ಲಿದ್ದಾರೆ, ಯಾರ ಮೊದಲ ಒಪ್ಪಂದ ಮುಗಿದಿದೆ. ಅವರು ಜೊತೆಗಿದ್ದಾರೋ ಎದುರುಬದುರಾಗಿದ್ದಾರೋ ಎಂಬುದಕ್ಕೆ ಕಾರಣ ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ.