ಕ್ಲೌಸ್ ಸಂನ್ಯಾಸಿಯ ದರ್ಶನ

ಸ್ವಿಟ್ಜರ್ಲೆಂಡಿನ ಬೆಟ್ಟದ ಸೀಮೆಯಾದ ಓಬ್ವಾಲ್ಡನ್ನಿನಲ್ಲಿ 1417ರಲ್ಲಿ ಹುಟ್ಟಿದ ನಿಕ್ಲೌಸನು ನಮ್ಮಂತೆಯೇ ಗೃಹಸ್ಥನು. ಹೊಲಮನೆಗಳುಳ್ಳವನು; ಯುದ್ಧಕ್ಕೂ ಹೋಗಿ ಬಂದವನು; ಊರವರಿಗೆ ನ್ಯಾಯ ಹೇಳುವ ಸ್ಥಾನದಲ್ಲಿಯೂ ಕುಳಿತವನು. ಹೆಂಡತಿ ಡೊರೊತೇಯಾ, ಮಕ್ಕಳು ಹತ್ತು ಮಂದಿ. 1467ರಲ್ಲಿ, ತನ್ನ ಐವತ್ತನೆಯ ವಯಸ್ಸಿನಲ್ಲಿ, ಆಕೆಯ ಸಮ್ಮತಿಯನ್ನು ಪಡೆದು ಆತನು ಮನೆಯನ್ನು ಬಿಟ್ಟನು. ಕಿರಿಯ ಕೂಸು ಆಗ ಇನ್ನೂ ಮೊಲೆ ಕುಡಿಯುತ್ತಿದ್ದಿತು. ಆ ತಾಯಿಯ ತ್ಯಾಗವು ಗಂಡನದಕ್ಕಿಂತ ಕಿರಿದೆಂದು ಹೇಳಲು ನಮಗೆ ಬಾಯಿ ಬಾರದು.

ಮನೆಗೆ ಸಮೀಪದಲ್ಲಿಯೇ ಇರುವ ರಾನ್ಫ್ಟ್ ಕಣಿವೆಯ ಗುಡಿಸಲಿನಲ್ಲಿ ಆತನು ಇಪ್ಪತ್ತು ವರುಷ ಏಕಾಂತವಾಸ ಮಾಡಿ 1487ರಲ್ಲಿ ಕಾಲವಾದನು. ಜನರು ಆತನನ್ನು ಕ್ಲೌಸ್ ಸಹೋದರನೆಂದು ಕರೆದರು. ಆತನಿಗೊಂದು ದರ್ಶನವಾಗಿದ್ದಿತು. ಕಣ್ಣು ಕೋರೈಸುವ ತೇಜಸ್ಸಿನ ನಡುವೆ ಮನುಷ್ಯನ ಮುಖವೊಂದು ಕಂಡಿತಂತೆ. ಅದು ಕರುಣೆಯ ಮುಖವಲ್ಲ, ಕೋಪದ ಮುಖ. ಎದೆಯೊಡೆಯುವುದೆಂಬ ಭಯದಿಂದ ಆತನು ನೆಲಕ್ಕೆ ಬಿದ್ದನು. ಅಂದಿನಿಂದ ಆತನ ಮುಖವೇ ನೋಡುವವರಿಗೆ ಭಯಂಕರವಾಯಿತೆಂದು ಹಳೆಯ ಚರಿತ್ರಕಾರ ವೋಲ್ಫ್ಲಿನನು ಬರೆದಿರುವನು.

ಈ ಪ್ರಸಂಗವನ್ನು ಸುಮಾರು ನಾಲ್ಕೂವರೆ ಶತಮಾನಗಳ ತರುವಾಯ ಕೈಗೆತ್ತಿಕೊಂಡವನು ಅದೇ ದೇಶದ ಮನೋವೈದ್ಯ ಕಾರ್ಲ್ ಯೂಂಗನು. ಪಾದ್ರಿಯ ಮಗನಾದ ಈತನು 1933ರಲ್ಲಿ ಕ್ಲೌಸನ ವಿಷಯವಾಗಿ ಒಂದು ಲೇಖನವನ್ನು ಪ್ರಕಟಿಸಿದನು. ನಮ್ಮ ಎಚ್ಚರದ ಮನಸ್ಸಿನ ಕೆಳಗೆ ಸುಪ್ತಚಿತ್ತವೊಂದುಂಟು. ಅದರ ಆಳದಲ್ಲಿ ಮನುಷ್ಯಕುಲಕ್ಕೆಲ್ಲ ಸಾಮಾನ್ಯವಾದ ಮೂಲರೂಪಗಳಿವೆ ಎಂಬುದು ಆತನ ಸಿದ್ಧಾಂತ. ಕ್ಲೌಸನಿಗೆ ಕಂಡ ಮುಖವು ಅಲ್ಲಿಂದ ಎದ್ದು ಬಂದುದು. ಪ್ರೀತಿಯೇ ದೇವರೆಂದು ನಂಬಿದವನಿಗೆ ಕೋಪದ ಮುಖವು ಎದುರಾದರೆ ಬುದ್ಧಿ ಚೆದರಿ ಹೋಗಬಹುದಾಗಿದ್ದಿತು. ಆತನು ಚೆದರಲಿಲ್ಲ. ಆರು ಕಡ್ಡಿಗಳ ಚಕ್ರವೊಂದನ್ನು ಆಧಾರವಾಗಿಟ್ಟುಕೊಂಡು ಬಹುಕಾಲ ಧ್ಯಾನಿಸಿ, ಕಂಡದ್ದನ್ನು ತ್ರೈಯೇಕ ದೇವರ ತತ್ತ್ವದೊಳಗೆ ನೆಲೆಗೊಳಿಸಿಕೊಂಡನು. ಇಂಥ ವರ್ತುಲಾಕೃತಿಗಳಿಗೆ ಯೂಂಗನು ನಮ್ಮ ಸಂಸ್ಕೃತದ ‘ಮಂಡಲ’ವೆಂಬ ಹೆಸರನ್ನೇ ಬಳಸಿದುದು ವಾಚಕರಿಗೆ ಸ್ವಾರಸ್ಯವಾಗಿ ತೋರಬಹುದು.

ಹಾಗಾದರೆ ದೇವರು ಮನಸ್ಸಿನ ಕಲ್ಪನೆಯೇ? ಕ್ರೈಸ್ತಪಂಡಿತರು ಕೇಳಿದುದು ಇದನ್ನೇ. ಮನಸ್ಸಿನಲ್ಲಿ ಮೂಡುವ ದೇವರ ಪ್ರತಿಮೆಯನ್ನು ಕುರಿತು ಮಾತ್ರ ಮನಶ್ಶಾಸ್ತ್ರವು ಮಾತನಾಡಬಲ್ಲುದು, ದೇವರನ್ನು ಕುರಿತಲ್ಲ, ಎಂದು ಯೂಂಗನ ಉತ್ತರ. ಉತ್ತರವು ಪ್ರಾಮಾಣಿಕವಾದುದು, ಆದರೆ ನಮಗೆ ಅರ್ಧ ತೃಪ್ತಿ ಮಾತ್ರ. ನೆಲಕ್ಕೆ ಬಿದ್ದವನಿಗೆ ಅದು ಪ್ರತಿಮೆಯಾಗಿರಲಿಲ್ಲವಷ್ಟೆ! ಅನುಭಾವಿಯು ಒಳಗಿನಿಂದ ಕಂಡುದನ್ನು ವೈದ್ಯನು ಹೊರಗಿನಿಂದ ಅಳೆಯುವನು.

ಆದರೂ ದರ್ಶನವಾದುದಕ್ಕಿಂತ ಅದನ್ನು ಅರಗಿಸಿಕೊಂಡುದು ದೊಡ್ಡದೆಂಬ ವೈದ್ಯನ ಮಾತಿಗೆ ಕ್ಲೌಸನ ಬಾಳಿನಲ್ಲಿಯೇ ಸಾಕ್ಷಿಯುಂಟು. 1481ರ ಡಿಸೆಂಬರಿನಲ್ಲಿ ಸ್ಟಾನ್ಸ್ ಪಟ್ಟಣದಲ್ಲಿ ಕೂಡಿದ್ದ ಸ್ವಿಸ್ ಪ್ರಾಂತಗಳ ಸಭೆಯು ಮುರಿದು ಅಂತರ್ಯುದ್ಧವಾಗುವುದರಲ್ಲಿದ್ದಿತು. ಅಲ್ಲಿನ ಪಾದ್ರಿಯು ರಾತ್ರಿಯಲ್ಲಿಯೇ ರಾನ್ಫ್ಟಿಗೆ ಹೋಗಿ ಸಂನ್ಯಾಸಿಯ ಮಾತನ್ನು ಕೇಳಿಕೊಂಡು ಹಿಂದಿರುಗಿದನು. ಕೆಲವೇ ಗಂಟೆಗಳಲ್ಲಿ ಪ್ರತಿನಿಧಿಗಳು ಒಡಂಬಡಿಕೆಗೆ ಬಂದರು.