ಹಟ ಅನ್ನುವ ಮೊದಲು ಹೊಟ್ಟೆ ನೋಡಿ

ಮಾತು ಬಾರದ ಮಗು ಇದ್ದಕ್ಕಿದ್ದಂತೆ ಗೋಡೆಗೆ ತಲೆ ಚಚ್ಚಿಕೊಳ್ಳಲು ಶುರು ಮಾಡಿದರೆ ಮೊದಲು ನೋಡಬೇಕಾದದ್ದು ಅದರ ಬಾಯಿ. ದವಡೆ ಹಲ್ಲು ಹುಳುಕಾಗಿದೆಯೇ? ಕಿವಿ ಸೋರುತ್ತಿದೆಯೇ? ಕಕ್ಕಸಿಗೆ ಹೋಗಿ ಎಷ್ಟು ದಿನವಾಯಿತು? ಆಟಿಸಂ ಇರುವ ಮಕ್ಕಳ ಮನೆಯಲ್ಲಿ ಈ ಪ್ರಶ್ನೆಗಳು ಏಳುವುದು ತಡವಾಗಿ. ಅದಕ್ಕೂ ಮೊದಲೇ "ಅವನಿಗೆ ಆಟಿಸಂ ಅಲ್ವಾ, ಹಂಗೇ ಆಡ್ತಾನೆ ಬಿಡಿ" ಎಂಬ ಮಾತು ಬಂದಿರುತ್ತದೆ. ಮನೆಯವರಷ್ಟೇ ಅಲ್ಲ, ಡಾಕ್ಟರೂ ಹೀಗಂದು ಕಳಿಸುವುದುಂಟು.

ಆಟಿಸಂ ಎಂಬುದು ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ. ಲಿಯೊ ಕ್ಯಾನರ್ ಎಂಬ ವೈದ್ಯ 1943ರಲ್ಲಿ ಇದನ್ನು ವಿವರಿಸಿ ಬರೆದ ಮೇಲೆ, ತಾಯಿಗೆ ಪ್ರೀತಿ ಸಾಲದ್ದೇ ಕಾರಣವೆಂದು ಅಮೆರಿಕದಲ್ಲಿ ವರ್ಷಗಟ್ಟಲೆ ದೂರಿದರು. ನಮ್ಮ ಕಡೆ ಬಸುರಿಯಾಗಿದ್ದಾಗ ಗ್ರಹಣ ನೋಡಿದಳು ಎನ್ನುತ್ತಾರೆ. ದೇಶ ಯಾವುದಾದರೂ ಬೆರಳು ತೋರಿಸುವುದು ತಾಯಿಯ ಕಡೆಗೇ. ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ದಾಖಲೆ ತೆಗೆದು ನೋಡಿದ 2019ರ ಅಧ್ಯಯನವೊಂದು, ಆಟಿಸಂ ಬರುವ ಸಾಧ್ಯತೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಶೇಕಡ 80ರಷ್ಟು ವಂಶವಾಹಿಗಳೇ ಕಾರಣವೆಂದು ಅಂದಾಜು ಮಾಡಿತು. ಲಸಿಕೆಯನ್ನು ದೂರಿದ 1998ರ ಲೇಖನವನ್ನು ಅಚ್ಚು ಮಾಡಿದ್ದ 'ಲ್ಯಾನ್ಸೆಟ್' ಪತ್ರಿಕೆಯೇ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು.

ಆಟಿಸಂ ಅನ್ನೇ ಹೋಗಲಾಡಿಸುವ ಔಷಧಿ ಇಲ್ಲ. ಆದರೆ ಅದರ ಜೊತೆಗೆ ಬರುವ ಕಾಯಿಲೆಗಳಿಗೆ ಔಷಧಿ ಇದೆ, ಉಪಾಯವಿದೆ. ಮೊದಲನೆಯದು ಹೊಟ್ಟೆ.

ಮಂಡ್ಯ ಸೀಮೆಯ ತಟ್ಟೆ ಎಂದರೆ ಮುದ್ದೆ, ಸೊಪ್ಪಿನ ಸಾರು, ಕಾಳಿನ ಹುಳಿ. ನಾರು, ಕಬ್ಬಿಣ, ಸುಣ್ಣದ ಅಂಶ ಎಲ್ಲ ಅದರಲ್ಲೇ ಇದೆ. ಆಟಿಸಂ ಇರುವ ಮಗು ಅದೇ ತಟ್ಟೆಯನ್ನು ದೂರ ತಳ್ಳುತ್ತದೆ. ಮುದ್ದೆ ಬೆರಳಿಗೆ ಅಂಟುತ್ತದೆ, ಸಾರಿನಲ್ಲಿ ಸೊಪ್ಪಿನ ದಂಟು ನಾಲಿಗೆಗೆ ಸಿಗುತ್ತದೆ, ನಿನ್ನೆಯ ಬಣ್ಣ ಇವತ್ತಿಲ್ಲ. ಸ್ಪರ್ಶ, ವಾಸನೆ, ಬಣ್ಣಗಳನ್ನು ಈ ಮಿದುಳು ಬಲು ತೀಕ್ಷ್ಣವಾಗಿ ಗ್ರಹಿಸುವುದರಿಂದ ಇವೆಲ್ಲ ಸಣ್ಣ ಸಂಗತಿಗಳಲ್ಲ. ಕೊನೆಗೆ ಉಳಿಯುವುದು ಹಾಲು, ಬಿಳಿ ಅನ್ನ, ಒಂದೇ ಕಂಪನಿಯ ಬಿಸ್ಕೆಟ್. ವರ್ಷಗಟ್ಟಲೆ ಹೀಗೇ ತಿಂದರೆ ಮಲ ಗಟ್ಟಿಯಾಗುತ್ತದೆ, ಹೋಗುವಾಗ ನೋಯುತ್ತದೆ, ಆ ನೋವಿಗೆ ಹೆದರಿ ಮಗು ತಡೆಹಿಡಿಯುತ್ತದೆ. ತಡೆಹಿಡಿದಷ್ಟೂ ದೊಡ್ಡ ಕರುಳಿನ ತುದಿ ಹಿಗ್ಗಿ, ಹೋಗಬೇಕೆಂಬ ಸೂಚನೆಯೇ ಮಂಕಾಗುತ್ತದೆ. ಆಮೇಲೆ ಗಟ್ಟಿ ಮಲದ ಸಂದಿಯಿಂದ ನೀರುನೀರಾದದ್ದು ಚಡ್ಡಿಗೆ ಸೋರುತ್ತದೆ. ಮನೆಯವರು ಭೇದಿ ಅಂದುಕೊಂಡು ಅದನ್ನು ನಿಲ್ಲಿಸುವ ಮಾತ್ರೆ ತರುತ್ತಾರೆ. ಆಗಬೇಕಾದದ್ದು ಅದಕ್ಕೆ ತದ್ವಿರುದ್ಧ: ಮಕ್ಕಳ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಮಲ ಮೆದುವಾಗಿಸುವ ಔಷಧಿಯನ್ನು ಬೇಕಾದರೆ ತಿಂಗಳುಗಟ್ಟಲೆ ಕೊಡುವುದು. ಊಟ ಬದಲಾಗುವುದು ನಿಧಾನಕ್ಕೆ. ಮುದ್ದೆ ಬೇಡವೆಂದ ಮಗು ಅದೇ ರಾಗಿಯ ರೊಟ್ಟಿಯನ್ನೋ ತೆಳು ಅಂಬಲಿಯನ್ನೋ ಒಪ್ಪಬಹುದು. ಬಾಯಿಗೆ ತುರುಕಿದರೆ ಮಾತ್ರ ಅದೂ ಹೋಯಿತು.

ಎರಡನೆಯದು ಫಿಟ್ಸ್. ಇತರ ಮಕ್ಕಳಿಗಿಂತ ಈ ಮಕ್ಕಳಲ್ಲಿ ಮೂರ್ಛೆರೋಗ ಎಷ್ಟೋ ಹೆಚ್ಚು, ಬುದ್ಧಿಮಾಂದ್ಯವೂ ಇದ್ದರಂತೂ ಇನ್ನೂ ಹೆಚ್ಚು. ಚಿಕ್ಕಂದಿನಲ್ಲಿ ಬಾರದಿದ್ದದ್ದು ಹರೆಯಕ್ಕೆ ಕಾಲಿಡುವಾಗ ಬರಬಹುದು. ಎಲ್ಲ ಫಿಟ್ಸ್‌ನಲ್ಲೂ ಕೈಕಾಲು ಸೆಟೆಯುವುದಿಲ್ಲ. ಆಟದ ಮಧ್ಯೆ ಕಣ್ಣು ನೆಟ್ಟು ನಿಲ್ಲುವುದು, ತುಟಿ ಚಪ್ಪರಿಸುವುದು, ಮುಟ್ಟಿದರೂ ಎಚ್ಚರವಿಲ್ಲದಿರುವುದು ಕೂಡ ಫಿಟ್ಸ್ ಇರಬಹುದು. ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಇಇಜಿ ಪರೀಕ್ಷೆ ಬೇಕೋ ಬೇಡವೋ ಅವರು ಹೇಳುತ್ತಾರೆ. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ಇಡುವುದು ಎರಡೂ ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ.

ಮೂರನೆಯದು ನಿದ್ದೆ. ಅದರ ತೊಂದರೆ ಆಟಿಸಂ ಇರುವ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗಿದೆ. ರಾತ್ರಿ ಎರಡಕ್ಕೆ ಮಗು ಎದ್ದರೆ ತಾಯಿಯೂ ಏಳಬೇಕು. ಬೆಳಿಗ್ಗೆ ಅವಳ ಕೈಯಿಂದ ಪಾತ್ರೆ ಜಾರಿದರೆ ಅತ್ತೆಯ ಮಾತು ಬೇರೆ.

ಇನ್ನೊಂದು ಅಪಾಯವನ್ನು ಕಾಯಿಲೆಗಳ ಪಟ್ಟಿಯಲ್ಲಿ ಬರೆಯುವುದಿಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ಹೇಮಾವತಿಗೆ ಹಳೆಯ ಅಣೆಕಟ್ಟೆ ಇದೆ, ಅಲ್ಲಿಂದ ಹೊರಟ ನಾಲೆ ಗದ್ದೆಗಳಿಗೆ ನೀರುಣಿಸುತ್ತದೆ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ವಿಶ್ವೇಶ್ವರಯ್ಯ ನಾಲೆ. ಈ ಸೀಮೆಯಲ್ಲಿ ನೀರು ಅನೇಕರ ಮನೆ ಹಿತ್ತಲಿಗೇ ಹರಿದು ಬರುತ್ತದೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನೀರೆಂದರೆ ಸೆಳೆತ, ಅಪಾಯದ ಅರಿವು ಕಡಿಮೆ, ಸದ್ದಿಲ್ಲದೆ ಮನೆಯಿಂದ ಹೊರಬೀಳುವ ಅಭ್ಯಾಸವೂ ಇರುತ್ತದೆ. ಅಮೆರಿಕದ ಸಾವಿನ ದಾಖಲೆಗಳನ್ನು ಪರಿಶೀಲಿಸಿದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆಟಿಸಂ ಇರುವ 15ರೊಳಗಿನ ಮಕ್ಕಳು ನೀರಲ್ಲಿ ಮುಳುಗಿ ಸಾಯುವ ಸಾಧ್ಯತೆ ಇತರ ಮಕ್ಕಳಿಗಿಂತ ಸುಮಾರು 160 ಪಟ್ಟು. ರಥಸಪ್ತಮಿಯ ಹೊತ್ತಿನ ಹೇಮಗಿರಿ ದನಗಳ ಜಾತ್ರೆಯಂಥ ಕಡೆ ತಮಟೆ, ಮೈಕು, ಜನಜಂಗುಳಿಗೆ ಬೆದರಿ ಮಗು ಕೈ ಕೊಸರಿಕೊಂಡು ಓಡಬಹುದು. ಹೀಗೆ ತಪ್ಪಿಸಿಕೊಂಡಾಗ ಮೊದಲು ಹುಡುಕಬೇಕಾದದ್ದು ಬಸ್ ಸ್ಟಾಂಡಿನಲ್ಲಲ್ಲ, ನೀರಿನ ಅಂಚಿನಲ್ಲಿ. ಬಾಗಿಲ ಚಿಲಕ ಮೇಲಕ್ಕಿರಲಿ, ಮಗುವಿನ ಅಂಗಿಗೆ ಫೋನ್ ನಂಬರ್ ಹೊಲಿದಿರಲಿ, ಅಕ್ಕಪಕ್ಕದವರಿಗೆ ಮಗುವಿನ ವಿಷಯ ಗೊತ್ತಿರಲಿ. ಮರ್ಯಾದೆಗೆ ಅಂಜಿ ಮುಚ್ಚಿಟ್ಟ ಮನೆಯ ಮಗುವನ್ನು ನಾಲೆ ದಾರಿಯಲ್ಲಿ ಯಾರು ತಡೆದಾರು?

ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದ, ಬೇಕಾದ್ದಕ್ಕೆ ಬೆರಳು ತೋರಿಸದ, ಬಂದ ಮಾತು ಹಿಂದೆ ಹೋದ ಮಗುವಿದ್ದರೆ "ಅವರಪ್ಪನಿಗೂ ಮಾತು ತಡವಾಗೇ ಬಂತು" ಎಂದು ಕಾಯಬೇಡಿ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬಂದು ಮಕ್ಕಳ ತಪಾಸಣೆ ಮಾಡುತ್ತದೆ, ಆ ದಿನ ತಪ್ಪಿಸಬೇಡಿ. ಕಿವಿ ಪರೀಕ್ಷೆ ಮೊದಲು ಆಗಬೇಕು. ಅದಕ್ಕೂ ಮಾತಿನ ತರಬೇತಿಗೂ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತಂದೆತಾಯಿಗೆ ಕಲಿಸಿದ್ದರಿಂದಲೇ ಮಕ್ಕಳು ತಾವಾಗಿ ಸಂಪರ್ಕಕ್ಕೆ ಬರುವುದು ಹೆಚ್ಚಿತು. ನಮ್ಮ ಆಶಾ ಕಾರ್ಯಕರ್ತೆಯರಿಗೂ ಇದನ್ನು ಕಲಿಸಬಹುದು. ಕಲಿಸಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆಗೆ ಹೆಸರು ಕೊಡಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಈ ವಿಮೆ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗಷ್ಟೇ ಅಲ್ಲ, ಹೊರರೋಗಿ ಚಿಕಿತ್ಸೆಗೂ ಥೆರಪಿಗೂ ಅನ್ವಯಿಸುತ್ತದೆ.