ಪ್ರೊಸೆಸರ್ ಕಾಯುವ ಹೊತ್ತು

2022ರ ಏಪ್ರಿಲ್‌ನಲ್ಲಿ ಎಎಂಡಿ ಕಂಪನಿ ರೈಜನ್ 7 5800ಎಕ್ಸ್3ಡಿ ಎಂಬ ಪ್ರೊಸೆಸರನ್ನು ಮಾರುಕಟ್ಟೆಗೆ ಬಿಟ್ಟಿತು. ಅಂಕಿಗಳನ್ನಷ್ಟೇ ನೋಡಿದವರಿಗೆ ಅದು ಹಿಂದಿನ 5800ಎಕ್ಸ್‌ಗಿಂತ ಒಂದು ಕೈ ಕಡಿಮೆ: ಎರಡರಲ್ಲೂ ಎಂಟೆಂಟು ಕೋರ್, ಹಳೆಯದರ ಗರಿಷ್ಠ ವೇಗ 4.7 ಗಿಗಾಹರ್ಟ್ಸ್, ಹೊಸದರದ್ದು 4.5. ಗೇಮ್ ಆಡಿಸಿದಾಗ ಮಾತ್ರ ಲೆಕ್ಕ ತಲೆಕೆಳಗಾಯಿತು. ಬಹುತೇಕ ಗೇಮ್‌ಗಳಲ್ಲಿ ಹೊಸದೇ ಮುಂದೆ.

ಕಾರಣ, ಕ್ಯಾಶ್. 4 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಮಿಡಿತಕ್ಕೆ ಹಿಡಿಯುವುದು ಕಾಲು ನ್ಯಾನೊಸೆಕೆಂಡ್. ಬೇಕಾದ ಮಾಹಿತಿ ರ‍್ಯಾಮ್‌ನಿಂದ ಬರಲು ಸುಮಾರು 80 ನ್ಯಾನೊಸೆಕೆಂಡ್ ಬೇಕು. ಅಂದರೆ ಮುನ್ನೂರಕ್ಕೂ ಹೆಚ್ಚು ಮಿಡಿತಗಳಷ್ಟು ಹೊತ್ತು ಕೋರ್ ಕೈಕಟ್ಟಿ ಕೂರಬೇಕಾದೀತು. ಒಗ್ಗರಣೆಗೆ ಎಣ್ಣೆ ಕಾದಾಗ ಸಾಸಿವೆ ಡಬ್ಬಿ ಒಲೆಯ ಪಕ್ಕದಲ್ಲೇ ಇರುವುದಕ್ಕೂ ಅಂಗಡಿಗೆ ಓಡಿ ತರುವುದಕ್ಕೂ ಇರುವಷ್ಟು ಅಂತರ ಇದು. ಪ್ರೊಸೆಸರಿನ ಒಳಗೇ ಇರುವ ಆ ಡಬ್ಬಿಯೇ ಕ್ಯಾಶ್. 5800ಎಕ್ಸ್‌ನಲ್ಲಿ ಮೂರನೇ ಹಂತದ ಕ್ಯಾಶ್ 32 ಮೆಗಾಬೈಟ್. 5800ಎಕ್ಸ್3ಡಿಯಲ್ಲಿ ಚಿಪ್ಪಿನ ಬೆನ್ನ ಮೇಲೆ ಸಿಲಿಕಾನ್‌ನ ಇನ್ನೊಂದು ತೆಳು ಪದರ ಕೂರಿಸಿ 64 ಸೇರಿಸಿದರು, ಒಟ್ಟು 96. ಆಟಗಾರ ಮರುಕ್ಷಣ ಎತ್ತ ತಿರುಗುತ್ತಾನೋ, ಯಾವ ಮಾಹಿತಿ ಬೇಕಾದೀತೋ ಹೇಳಲಾಗದ ಗೇಮ್‌ಗಳಲ್ಲಿ ಇದರ ಫಲ ಎದ್ದು ಕಾಣುತ್ತದೆ. ವಿಡಿಯೊ ರೆಂಡರಿಂಗ್‌ನಂಥ ಕೆಲಸದಲ್ಲಿ ಮಾಹಿತಿ ಹೆಚ್ಚಾಗಿ ಸಾಲುಸಾಲಾಗಿ ಬರುವುದರಿಂದ ಹಳೆಯ 5800ಎಕ್ಸೇ ಕೊಂಚ ಮೇಲು.

ಗಿಗಾಹರ್ಟ್ಸ್ ಮೋಹ ಇಂದಿನದಲ್ಲ. 2000ದಲ್ಲಿ 1.4 ಗಿಗಾಹರ್ಟ್ಸ್‌ನಿಂದ ಹೊರಟ ಇಂಟೆಲ್‌ನ ಪೆಂಟಿಯಂ 4, 3.8ರವರೆಗೆ ಏರಿತು, ಮುಂದಕ್ಕೆ ಶಾಖ ಬಿಡಲಿಲ್ಲ. 4 ಗಿಗಾಹರ್ಟ್ಸ್ ಮಾದರಿಯ ಯೋಜನೆಯನ್ನು ಕಂಪನಿ 2004ರಲ್ಲಿ ಕೈಬಿಟ್ಟಿತು. 2006ರಲ್ಲಿ ಬಂದ ಕೋರ್ 2 ಡ್ಯುಯೊ ಪ್ರತಿ ಮಿಡಿತದಲ್ಲೂ ಹೆಚ್ಚು ಕೆಲಸ ಮುಗಿಸುತ್ತಿತ್ತು, 2.4 ಗಿಗಾಹರ್ಟ್ಸ್‌ನಲ್ಲೇ ಅದು ಪೆಂಟಿಯಂ 4 ಅನ್ನು ಹಿಂದಿಕ್ಕಿತು.

ಕೋರ್‌ಗಳ ಎಣಿಕೆಯೂ ಹೀಗೇ ದಾರಿ ತಪ್ಪಿಸುತ್ತದೆ. ಇಂಟೆಲ್‌ನ ಐ5-13400ರಲ್ಲಿ ಹತ್ತು ಕೋರ್ ಇವೆ, ನಿಜ. ಅವುಗಳಲ್ಲಿ ಆರು ಬಲವಾದವು; ಉಳಿದ ನಾಲ್ಕು ಚಿಕ್ಕವು, ಕಡಿಮೆ ವಿದ್ಯುತ್ತಿನಲ್ಲಿ ಹಿನ್ನೆಲೆಯ ಕೆಲಸ ನೋಡಿಕೊಳ್ಳುವಂಥವು. ಇನ್ನು ಕೆಲಸವನ್ನೇ ಹಂಚಲಾಗದಿದ್ದರೆ? ಕಂಪ್ಯೂಟರ್ ವಿನ್ಯಾಸಕ ಜೀನ್ ಅಮ್ಡಾಲ್ 1967ರಲ್ಲಿ ಮುಂದಿಟ್ಟ ವಾದದಿಂದ ಬಂದ ಸೂತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಪ್ರೋಗ್ರಾಂನ ಅರ್ಧ ಭಾಗವನ್ನಷ್ಟೇ ಹಂಚಬಹುದಾದರೆ, ನಾಲ್ಕು ಕೋರ್‌ಗಳಲ್ಲಿ ಅದರ ವೇಗ 1.6 ಪಟ್ಟಾಗುತ್ತದೆ, ಹದಿನಾರರಲ್ಲಿ ಸುಮಾರು 1.9 ಪಟ್ಟು. ಎಷ್ಟೇ ಕೋರ್ ತುಂಬಿದರೂ ಎರಡು ಪಟ್ಟು ದಾಟದು.

ಪತ್ರ ಬರೆಯಲು, ಬ್ರೌಸರ್ ನೋಡಲು, ಮಕ್ಕಳ ಆನ್‌ಲೈನ್ ಪಾಠಕ್ಕೆ ನಾಲ್ಕು ಕೋರ್‌ಗಳ ಐ3-12100 ಧಾರಾಳವಾಯಿತು. ಉಳಿದ ಹಣ ಎಸ್‌ಎಸ್‌ಡಿ, ರ‍್ಯಾಮ್‌ಗಳಿಗೆ ಹೋದರೆ ಮನೆಯವರಿಗೆಲ್ಲ ವ್ಯತ್ಯಾಸ ಗೊತ್ತಾಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವವರು ಬಿಲ್ ಹಾಕಿಸುವ ಮುನ್ನ ಹೆಸರಿನ ಕೊನೆಯ ಅಕ್ಷರ ನೋಡಿಕೊಳ್ಳಬೇಕು. ಐ5-12400ರ ಒಳಗೆ ಗ್ರಾಫಿಕ್ಸ್ ಇದೆ, 12400ಎಫ್‌ನಲ್ಲಿ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಎಫ್ ಮಾದರಿ ಕೂರಿಸಿದರೆ ಫ್ಯಾನ್ ತಿರುಗೀತು, ಪರದೆಯ ಮೇಲೆ ಏನೂ ಮೂಡದು.

ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಕೂಡ ಅಷ್ಟೇ ಮುಖ್ಯ. ಎಎಂಡಿಯ ಎಎಂ4 ಸಾಕೆಟ್‌ನ ಪ್ರೊಸೆಸರಿನ ಹೊಟ್ಟೆಯಡಿ 1331 ಸಣ್ಣ ಪಿನ್‌ಗಳಿದ್ದವು. 2022ರಲ್ಲಿ ಬಂದ ಎಎಂ5ರಲ್ಲಿ ಪ್ರೊಸೆಸರಿನ ಅಡಿ ನುಣುಪು. 1718 ಪಿನ್‌ಗಳು ಮದರ್‌ಬೋರ್ಡಿಗೆ ಸ್ಥಳಾಂತರಗೊಂಡಿವೆ, ಜೊತೆಗೆ ಡಿಡಿಆರ್5 ರ‍್ಯಾಮ್ ಕಡ್ಡಾಯ. ಹಳೆಯ ಎಎಂ4 ಬೋರ್ಡ್ ಮನೆಯಲ್ಲಿದ್ದರೆ ಅದರಲ್ಲಿ ಯಾವ ಪ್ರೊಸೆಸರ್ ಓಡುತ್ತದೆ ಎಂಬ ಕಂಪನಿಯ ಪಟ್ಟಿಯನ್ನು ಮೊದಲು ತೆರೆದು ನೋಡುವುದು ಒಳ್ಳೆಯದು. 2017ರಲ್ಲಿ ಮೊದಲ ರೈಜನ್‌ಗಾಗಿ ಕೊಂಡ ಎಷ್ಟೋ ಬೋರ್ಡ್‌ಗಳು ಬಯಾಸ್ ಅಪ್‌ಡೇಟ್ ಒಂದಾದರೆ 5800ಎಕ್ಸ್3ಡಿಯನ್ನೂ ಓಡಿಸುತ್ತವೆ. ಕೂರಿಸುವಾಗ ಸನ್ನೆ ಎತ್ತಿ, ಮೂಲೆಯ ಪುಟ್ಟ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಬಿಟ್ಟರೆ ಪ್ರೊಸೆಸರ್ ತಾನಾಗಿಯೇ ಇಳಿಯಬೇಕು. ಒತ್ತಿದರೆ ಪಿನ್ ಬಾಗುತ್ತದೆ.